ಕೋಳಿಗಳ ದುಂಡುಹುಳು ಬಾಧೆ: ಔಷಧಕ್ಕೆ ಮೊದಲು ಪತ್ತೆ



ಒಂದು ಕಾಲಕ್ಕೆ ಕೆರೆಯಂಚಿನ ಹಳ್ಳಿಯಾಗಿದ್ದ ಸಾರಕ್ಕಿ ಇಂದು ಬೆಂಗಳೂರು ನಗರದೊಳಗೆ ಸೇರಿದೆ. ಅಲ್ಲಿಂದ ಕನಕಪುರ ರಸ್ತೆಯಲ್ಲಿ ದಕ್ಷಿಣಕ್ಕೆ ಸಾಗಿದರೆ ಕಗ್ಗಲೀಪುರ, ಸೋಮನಹಳ್ಳಿ ಮೊದಲಾದ ಗ್ರಾಮಗಳಿವೆ. ಇಂತಹ ಗ್ರಾಮಗಳಲ್ಲಿ ಹಿತ್ತಲ ಕೋಳಿಯು ಅನೇಕ ಹೆಣ್ಣುಮಕ್ಕಳ ಕೈಖರ್ಚಿಗೆ ಆಧಾರವಾಗಿದೆ. ಕೋಳಿ ಕಾರಣ ತಿಳಿಯದೆ ಸೊರಗಿದರೆ ನಷ್ಟವೂ ಅವರದೇ.

ಈ ಸೊರಗುವಿಕೆಗೆ ಒಂದು ಮುಖ್ಯ ಕಾರಣ ಸಣ್ಣ ಕರುಳಿನಲ್ಲಿ ವಾಸಿಸುವ ‘ಆಸ್ಕರಿಡಿಯಾ ಗ್ಯಾಲಿ’ ಎಂಬ ದುಂಡುಹುಳು. ಹಿಕ್ಕೆಯೊಡನೆ ಹೊರಬಿದ್ದ ಇದರ ಮೊಟ್ಟೆ ತೇವ ಹಾಗೂ ಬೆಚ್ಚಗಿನ ನೆಲದಲ್ಲಿ ಸುಮಾರು 10ರಿಂದ 20 ದಿನಗಳಲ್ಲಿ ಸೋಂಕು ತಗುಲಿಸುವ ಸ್ಥಿತಿಗೆ ಬರುತ್ತದೆ. ನೆಲ ಕೆದಕಿ ಮೇಯುವ ಕೋಳಿ ಅದನ್ನು ನುಂಗುತ್ತದೆ. 3 ತಿಂಗಳೊಳಗಿನ ಮರಿಗಳಿಗೆ ಅಪಾಯ ಹೆಚ್ಚು.

ತೂಕ ಇಳಿಯುವುದು, ರೆಕ್ಕೆ ಜೋಲುವುದು, ಜುಟ್ಟು ಬಿಳಿಚಿಕೊಳ್ಳುವುದು, ಭೇದಿ, ಮೊಟ್ಟೆ ಕಡಿಮೆಯಾಗುವುದು ಇದರ ಲಕ್ಷಣಗಳು. ಆದರೆ ಇವು ಬೇರೆ ರೋಗಗಳಲ್ಲಿಯೂ ಕಾಣುತ್ತವೆ. ರಕ್ತಮಿಶ್ರಿತ ಭೇದಿಯು ಕಾಕ್ಸಿಡಿಯೋಸಿಸ್ ರೋಗದ ಸೂಚನೆಯಾಗಿರಬಹುದು. ಹಸಿರು ಭೇದಿಯೊಡನೆ ಕತ್ತು ತಿರುಚಿಕೊಂಡರೆ ಕೊಕ್ಕರೆ ರೋಗವನ್ನು ಶಂಕಿಸಬೇಕು. ಈ ಎರಡಕ್ಕೂ ಜಂತುನಾಶಕದಿಂದ ಪ್ರಯೋಜನವಿಲ್ಲ. ಆದ್ದರಿಂದ ಲಕ್ಷಣವನ್ನು ಮಾತ್ರ ನೋಡಿ ಔಷಧ ಕೊಡುವುದು ಸರಿಯಲ್ಲ.

ಪತ್ತೆಗೆ ಎರಡು ದಾರಿಗಳಿವೆ. ಮೊದಲನೆಯದು ಹಿಕ್ಕೆ ಪರೀಕ್ಷೆ. ಹಲವು ಕೋಳಿಗಳ ಹೊಸ ಹಿಕ್ಕೆಯನ್ನು ಶುಚಿಯಾದ ಡಬ್ಬಿಯಲ್ಲಿ ಅಂದೇ ಪಶು ಆಸ್ಪತ್ರೆಗೆ ತಲುಪಿಸಬೇಕು. ಗಾಢ ಉಪ್ಪುನೀರಿನಲ್ಲಿ ಕದಡಿದಾಗ ಹುಳುವಿನ ಮೊಟ್ಟೆಗಳು ಮೇಲೆ ತೇಲುತ್ತವೆ. ಅವನ್ನು ಸೂಕ್ಷ್ಮದರ್ಶಕದಲ್ಲಿ ಗುರುತಿಸಲಾಗುತ್ತದೆ. ಆದರೆ ಸೋಂಕು ತಗುಲಿದ 5ರಿಂದ 8 ವಾರಗಳವರೆಗೆ ಹುಳು ಮೊಟ್ಟೆಯಿಡುವುದಿಲ್ಲ. ಆ ಅವಧಿಯಲ್ಲಿ ಹಿಕ್ಕೆ ಶುದ್ಧವೆಂದು ಕಂಡರೂ ಮರಿಯ ಕರುಳಿನಲ್ಲಿ ಹುಳು ಇರಬಹುದು.

ಆದುದರಿಂದ ಎರಡನೆಯದಾದ ಮರಣೋತ್ತರ ಪರೀಕ್ಷೆ ಹೆಚ್ಚು ಖಚಿತವಾದುದು. ಪಶುವೈದ್ಯರು ಸಣ್ಣ ಕರುಳನ್ನು ಸೀಳಿದಾಗ ಹಳದಿ ಮಿಶ್ರಿತ ಬಿಳಿ ಬಣ್ಣದ, 5ರಿಂದ 11 ಸೆಂಟಿಮೀಟರ್ ಉದ್ದದ ಬೆಳೆದ ಹುಳುಗಳು ಬರಿಗಣ್ಣಿಗೇ ಕಾಣುತ್ತವೆ. ಸುಮಾರು 1 ಸೆಂಟಿಮೀಟರ್ ಉದ್ದದ ಹುಳುಗಳು ಕುರುಡು ಕರುಳಿನಲ್ಲಿ ಸಿಕ್ಕರೆ ಅವು ‘ಹೆಟೆರಾಕಿಸ್’ ಎಂಬ ಬೇರೆ ಜಾತಿಯವು. ಈ ಎರಡರ ಮೊಟ್ಟೆಗಳೂ ಹೋಲುವುದರಿಂದ ಹಿಕ್ಕೆ ಪರೀಕ್ಷೆಯೊಂದರಿಂದಲೇ ಈ ಭೇದ ತಿಳಿಯುವುದು ಕಷ್ಟ.

ಒಮ್ಮೆಲೇ ಹಲವು ಕೋಳಿಗಳು ಸತ್ತರೆ ಮಾತ್ರ ಯಾರೂ ಅವನ್ನು ಮನೆಯಲ್ಲಿ ಕೊಯ್ಯಬಾರದು. ಅದು ಹಕ್ಕಿಜ್ವರವೂ ಆಗಿರಬಹುದು. ಕೂಡಲೇ ಪಶು ಆಸ್ಪತ್ರೆಗೆ ತಿಳಿಸತಕ್ಕದ್ದು.

ಗ್ರಾಮ ಪಂಚಾಯಿತಿ ಸದಸ್ಯರು ತಮ್ಮ ವಾರ್ಡಿನ ಸ್ವಸಹಾಯ ಸಂಘಗಳಿಗೆ ಈ ವಿಷಯ ತಿಳಿಸಿ, ಪಶುವೈದ್ಯರೊಡನೆ ಮಾತನಾಡಿ, ಹಿಕ್ಕೆ ಮಾದರಿ ಸಂಗ್ರಹಕ್ಕೆ ಒಂದು ದಿನ ಗೊತ್ತುಪಡಿಸುವುದು ಸೂಕ್ತ. ಪತ್ತೆಯಾದ ಮೇಲೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಔಷಧ ಕೊಟ್ಟು, ಗೂಡನ್ನು ಒಣಗಿಸಿ, ಮರಿಗಳನ್ನು ದೊಡ್ಡ ಕೋಳಿಗಳಿಂದ ಬೇರ್ಪಡಿಸಿದರೆ ಆ ಮನೆಯ ಆದಾಯ ಉಳಿಯುತ್ತದೆ.