ಗಾಡಿ ಕಟಕಟ ಅಂದರೆ



ಮಾರುತಿ 800 ನಿಮಗೆಲ್ಲ ಗೊತ್ತು. 1983ರಲ್ಲಿ ಬಂದ ಸಣ್ಣ ಕಾರು. 2014ರಲ್ಲಿ ಅದರ ತಯಾರಿಕೆ ನಿಂತಿತು. ಹಳೆಯ ಗಾಡಿಗಳು ಕಿತ್ತೂರು, ರಾಮದುರ್ಗದ ಕಡೆ ಇನ್ನೂ ಓಡತಾವ.

ಒಮ್ಮೆ ನಾವು ಇಂಥ ಗಾಡಿಯಲ್ಲಿ ಬೈಲಹೊಂಗಲದಿಂದ ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟೆವು. ತಿರುವು ಬಂದಾಗಲೆಲ್ಲ ಮುಂದಿನ ಗಾಲಿಯಲ್ಲಿ ಕಟಕಟ ಸದ್ದು. ಒಬ್ಬ ಮಿಸ್ತ್ರಿ, "ಎರಡೂ ಕಡೆ ಆಕ್ಸಲ್ ಬದಲಿಸಬೇಕು" ಅಂದ. "ತಮ್ಮಾ, ಮೊದಲು ಬಗ್ಗಿ ನೋಡು" ಅಂದೆವು.

ಆಕ್ಸಲ್ ಅಂದರೆ ಏನು? ಇಂಜಿನ್ ಕಡೆಯಿಂದ ಮುಂದಿನ ಗಾಲಿಗೆ ಹೋಗುವ ಕಬ್ಬಿಣದ ದಂಡ. ಅದರ ಎರಡೂ ತುದಿಗೆ ಕೀಲು ಇರುತ್ತದೆ. ಕೀಲಿನ ಒಳಗೆ ಗ್ರೀಸು, ಮೇಲೆ ರಬ್ಬರಿನ ಬೂಟು. ಬೂಟು ಹರಿದರೆ ಗ್ರೀಸು ಹೊರಗೆ, ಮಣ್ಣು ಒಳಗೆ. ಕೀಲೆಣ್ಣೆ ಇಲ್ಲದ ಚಕ್ಕಡಿ ಏನಾಗ್ತದ? ಅಚ್ಚು ಸವೀತದ. ಇದೂ ಹಂಗ.

ಪರೀಕ್ಷೆ ಸುಲಭ. ಬಯಲಿನಲ್ಲಿ ಸ್ಟೇರಿಂಗ್ ಪೂರ್ತಿ ತಿರುಗಿಸಿ, ಗಾಡಿ ನಿಧಾನ ಓಡಿಸಬೇಕು. ಕಟಕಟ ಅಂದರೆ ಗಾಲಿಯ ಕಡೆಯ ಕೀಲು ಸವೆದಿರುತ್ತದೆ. ನೆಟ್ಟಗೆ ಹೋಗುತ್ತ ವೇಗ ಹೆಚ್ಚಿಸಿದಾಗ ಗಾಡಿ ನಡುಗಿದರೆ ಒಳಗಿನ ಕೀಲನ್ನೂ ನೋಡಿಸಬೇಕು. ಬರೀ ಗುಂಯ್ ಅಂದರೆ ಗಾಲಿಯ ಬೇರಿಂಗ್ ಹೋಗಿರಬಹುದು.

ನಮ್ಮ ಗಾಡಿಯಲ್ಲಿ ಎಡಗಡೆಯ ಬೂಟು ಮಾತ್ರ ಹರಿದಿತ್ತು. ಗಾಲಿಯ ಒಳಮೈಗೆಲ್ಲ ಕಪ್ಪು ಗ್ರೀಸು ಸಿಡಿದಿತ್ತು. ಬಲಗಡೆ ಚೆನ್ನಾಗಿತ್ತು. ಎಡಗಡೆಯ ಒಂದೇ ಕೀಲು ಬದಲಿಸಿದೆವು. ಸದ್ದು ನಿಂತಿತು. ಮೊದಲೇ ನೋಡಿದ್ದರೆ ಹೊಸ ಬೂಟು, ಗ್ರೀಸು, ಇಷ್ಟರಲ್ಲೇ ಮುಗಿಯುತ್ತಿತ್ತು. ಹಾಗೇ ಬಿಟ್ಟು ಕೀಲು ಮುರಿದಿದ್ದರೆ ಗಾಡಿ ನಡುದಾರಿಯಲ್ಲೇ ನಿಲ್ಲುತ್ತಿತ್ತು.

ಈಗ ನೀವು ಓದು ಕಲಿತಿದ್ದೀರಿ. ಗ್ಯಾರೇಜಿನ ಬಿಲ್ಲು ಓದಿರಿ. ಒಂದು ಅಂತ ಬರೆದಿದೆಯೋ, ಎರಡು ಅಂತ ಬರೆದಿದೆಯೋ ನೋಡಿರಿ. ತೆಗೆದ ಹಳೆಯ ಸಾಮಾನು ತೋರಿಸು ಅಂತ ಕೇಳಿರಿ. ಕೇಳಲಿಕ್ಕೆ ಅಂಜಬ್ಯಾಡ್ರಿ. ದುಡ್ಡು ನಮ್ಮದು, ದುಡಿದವರೂ ನಾವೇ.