ದಂಡು ಎತ್ತಿದ ಮೇಲೆ
(ಪೀಣ್ಯದ ಕಾರ್ಮಿಕರ ಸಭೆಯೊಂದರಲ್ಲಿ ಮಾಡಿದ ಭಾಷಣ)



ನೀವು ಪಾಳಿಗೆ ಹೋಗುವಾಗ ಗೇಟಿನಲ್ಲಿ ಕಾರ್ಡು ನೋಡಿ ಒಳಗೆ ಬಿಡುವ ಮನುಷ್ಯ ಯಾರು, ಎಂದಾದರೂ ಕೇಳಿದ್ದೀರಾ? ಇಲ್ಲಿ ಪೀಣ್ಯದಲ್ಲಿ ನೋಡಿ, ವೈಟ್‌ಫೀಲ್ಡಿನಲ್ಲಿ ನೋಡಿ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ನೋಡಿ, ಎಷ್ಟೋ ಗೇಟುಗಳಲ್ಲಿ ನಿಂತಿರುವವನು ಮಾಜಿ ಸಿಪಾಯಿ. ಗಡಿ ಕಾಯ್ದವನು ಈಗ ಗೇಟು ಕಾಯುತ್ತಾನೆ. ಅವನು ಅಲ್ಲಿಗೆ ಹೇಗೆ ಬಂದ ಎಂದು ತಿಳಿಯಬೇಕಾದರೆ ಎರಡನೆಯ ಮಹಾಯುದ್ಧದ ಕಾಲಕ್ಕೆ ಹೋಗಬೇಕು. ಜಾಗ ಮಾತ್ರ ದೂರವಿಲ್ಲ, ಇದೇ ಪಕ್ಕದ ಜಾಲಹಳ್ಳಿ.

ಬೆಂಗಳೂರಿಗೆ ದಂಡು ಬಂದದ್ದು 1809ರಲ್ಲಿ. ಹಳಬರು ಇಂದಿಗೂ ಆ ಭಾಗವನ್ನು ದಂಡು ಎಂದೇ ಕರೆಯುತ್ತಾರೆ. ಆದರೆ ಊರಾಚೆಯ ಹೊಲಗದ್ದೆಗಳಿಗೆ ಅದು ಹಬ್ಬಿದ್ದು ಈ ಯುದ್ಧದಲ್ಲಿ. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಜೊತೆ ಸೇರಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. 1942ರಲ್ಲಿ ಭಾರತ ಸರ್ಕಾರ ಅವರ ಪಾಲನ್ನು ಕೊಂಡುಕೊಂಡಿತು. ಮರುವರ್ಷ ಕಾರ್ಖಾನೆಯ ಆಡಳಿತವೇ ಅಮೆರಿಕದ ಸೇನೆಯ ವಿಮಾನದಳದ ಕೈಗೆ ಹೋಯಿತು. ಬೆಳ್ಳಂದೂರು ಕೆರೆ ಗೊತ್ತಲ್ಲ, ಈಚಿನ ವರ್ಷಗಳಲ್ಲಿ ನೊರೆ ಉಕ್ಕಿಸಿ ಬೆಂಕಿಯನ್ನೂ ಕಾರಿ ಹೆಸರಾಯಿತಲ್ಲ, ಅದೇ ಕೆರೆಯ ನೀರಿನ ಮೇಲೆ ಆಗ ರಿಪೇರಿಗೆಂದು ಕ್ಯಾಟಲಿನಾ ವಿಮಾನಗಳು ಬಂದು ಇಳಿಯುತ್ತಿದ್ದವು. ನೇಗಿಲು ಹಿಡಿದ ಕೈಗಳು ಸ್ಪ್ಯಾನರ್ ಹಿಡಿಯಲು ಕಲಿತದ್ದು ಹಾಗೆ. ಇತ್ತ ಜಾಲಹಳ್ಳಿಯ ಕಡೆ ಸೈನಿಕ ಆಸ್ಪತ್ರೆ, ಬ್ಯಾರಕ್ಕುಗಳು, ಆಫ್ರಿಕಾದಲ್ಲಿ ಸೆರೆಸಿಕ್ಕ ಇಟಲಿಯವರ ಶಿಬಿರ.

1945ರಲ್ಲಿ ಯುದ್ಧ ಮುಗಿಯಿತು. ಅಮೆರಿಕನ್ನರು ಹೊರಟರು. ಕೈದಿಗಳೂ ತಮ್ಮ ದೇಶಕ್ಕೆ ಹೋದರು. ವಿಮಾನ ಕಾರ್ಖಾನೆಗೆ ಕೆಲಸ ಸಾಲದೆ ರೈಲ್ವೆ ಬೋಗಿಗಳನ್ನು ಕಟ್ಟಬೇಕಾಯಿತು. ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಹುಟ್ಟಿದವು. ಯುದ್ಧದ ನೆಲ ದುಡಿಮೆಯ ನೆಲವಾಯಿತು, ಒಳ್ಳೆಯದೇ ಆಯಿತು. ಅದರ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನ ತಕರಾರು ಆಳಿನ ಲೆಕ್ಕದ ಮೇಲೆ.

1939ರಲ್ಲಿ ಭಾರತದ ಸೇನೆಯಲ್ಲಿ ಸುಮಾರು 2 ಲಕ್ಷ ಜನ. ಯುದ್ಧದ ಕೊನೆಗೆ 25 ಲಕ್ಷ. ಕಾನೂನಿನ ಬಲವಂತದಿಂದ ಸೇರಿದವನು ಒಬ್ಬನೂ ಇಲ್ಲ. ಹೊಟ್ಟೆಯ ಬಲವಂತದಿಂದ ಸೇರಿದವರಿಗೆ ಎಣೆಯಿಲ್ಲ. ಯುದ್ಧ ತೀರಿದೊಡನೆ ಲಕ್ಷಗಟ್ಟಲೆ ಜನರನ್ನು ಮನೆಗೆ ಕಳಿಸಿದರು. ಸಿಪಾಯಿಗೆ ಪಿಂಚಣಿ ಸಿಗಬೇಕಾದರೆ 15 ವರ್ಷ ದುಡಿದಿರಬೇಕು. ಯುದ್ಧವೇ ಆರು ವರ್ಷ ನಡೆದದ್ದು! ಆ ಯುದ್ಧಕ್ಕೆಂದು ಸೇರಿದವನಿಗೆ 15 ವರ್ಷ ಎಲ್ಲಿಂದ ಬರಬೇಕು? ಒಂದಿಷ್ಟು ಕೈಗಂಟು, ಒಂದು ಪದಕ, ಡಿಸ್ಚಾರ್ಜ್ ಪುಸ್ತಕ. ಮುಗಿಯಿತು.

ನಾನು ಚಿಕ್ಕವನಾಗಿದ್ದಾಗ ನಮ್ಮ ಬೀದಿಯಲ್ಲಿ ಒಬ್ಬರು ಸೈಕಲ್ ಶಾಪು ಇಟ್ಟುಕೊಂಡಿದ್ದರು. ನಾವೆಲ್ಲ ಮಿಲಿಟರಿ ತಾತ ಎನ್ನುತ್ತಿದ್ದೆವು. ಸಿಂಗಪುರದಲ್ಲಿ ಸೆರೆಸಿಕ್ಕವರು. 1942ರ ಫೆಬ್ರವರಿ 15ರಂದು ಸಿಂಗಪುರ ಬಿದ್ದಾಗ ಅಲ್ಲಿ ನಮ್ಮ ಮೈಸೂರಿನ ಪದಾತಿ ಪಡೆಯೂ ಇತ್ತು. ಎರಡು ದಿನದ ಮೇಲೆ ಫ್ಯಾರರ್ ಪಾರ್ಕಿನ ಮೈದಾನದಲ್ಲಿ ಭಾರತೀಯ ಸಿಪಾಯಿಗಳನ್ನು ಕೂಡಿಸಿ ಜಪಾನಿಯರಿಗೆ ಒಪ್ಪಿಸಿದರು. ಕೆಲವರು ಆಜಾದ್ ಹಿಂದ್ ಫೌಜಿಗೆ ಸೇರಿದರು. ಸೇರದವರಲ್ಲಿ ಸಾವಿರಾರು ಜನರನ್ನು ಹಡಗು ಹತ್ತಿಸಿ ನ್ಯೂಗಿನಿಯಂಥ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ತಾತ ಹೋದದ್ದು ಅಲ್ಲಿಗೆ. ಯುದ್ಧದ ಕಥೆ ಹೇಳಿ ಎಂದು ಹುಡುಗರು ಪೀಡಿಸಿದರೆ "ಸೊಪ್ಪು ತಿಂದಿವಿ ಕಣ್ರೋ, ಗೆಡ್ಡೆ ತಿಂದಿವಿ" ಎಂದಷ್ಟೇ ಹೇಳಿ ಪಂಕ್ಚರ್ ಹಾಕುವುದಕ್ಕೆ ಕೂರುತ್ತಿದ್ದರು. ಮದುವೆಮನೆ ಪಂಕ್ತಿಯಲ್ಲಿ ಅವರ ಎಲೆಯ ಮೇಲೆ ಒಂದಗುಳೂ ಉಳಿಯುತ್ತಿರಲಿಲ್ಲ. ಪಕ್ಕದವನು ಅನ್ನ ಬಿಟ್ಟು ಎದ್ದರೆ ತಾತನ ಮುಖ ನೋಡಲಾಗುತ್ತಿರಲಿಲ್ಲ. ಪದಕವನ್ನು ಪಂಪು, ಪಾನಾಗಳ ಡಬ್ಬದಲ್ಲಿ ಹಾಕಿಟ್ಟಿದ್ದರು.

ಫೌಜಿಗೆ ಸೇರಿದವರ ಪಾಡೂ ಬೇರೆಯಲ್ಲ. ಸ್ವಾತಂತ್ರ್ಯ ಬಂದ ಮೇಲೆಯೂ ಅವರನ್ನು ಸೇನೆಗೆ ಮರಳಿ ತೆಗೆದುಕೊಳ್ಳಲಿಲ್ಲ. ಸ್ವಾತಂತ್ರ್ಯ ಹೋರಾಟಗಾರರೆಂದು ಕೇಂದ್ರದ ಪಿಂಚಣಿ ಸಿಕ್ಕಿದ್ದು 1972ರಲ್ಲಿ. ಅಷ್ಟು ಹೊತ್ತಿಗೆ ಎಷ್ಟು ಜನ ಉಳಿದಿದ್ದರು?

ಹಳೆಯ ಕಥೆ ಎನ್ನಬೇಡಿ. 2022ರಲ್ಲಿ ಅಗ್ನಿಪಥ ಎಂಬ ಯೋಜನೆ ಬಂತು. ಹುಡುಗನಿಗೆ ನಾಲ್ಕು ವರ್ಷದ ನೌಕರಿ. ಆಮೇಲೆ ನಾಲ್ವರಲ್ಲಿ ಒಬ್ಬನನ್ನು ಇಟ್ಟುಕೊಳ್ಳುವುದು, ಮೂವರನ್ನು ಕಳಿಸುವುದು. ಹೋಗುವವನಿಗೆ ಪಿಂಚಣಿಯಿಲ್ಲ, ಸುಮಾರು 11 ಲಕ್ಷದ 70 ಸಾವಿರ ರೂಪಾಯಿಯ ಗಂಟು. ತಾತನಿಗೆ ಸಿಕ್ಕ ಗಂಟಿಗಿಂತ ಇದು ದೊಡ್ಡದು, ಒಪ್ಪುತ್ತೇನೆ. ಅದರಲ್ಲಿ ಅರ್ಧ ಅವನ ಸಂಬಳದಿಂದಲೇ ಹಿಡಿದದ್ದು ಎಂಬುದನ್ನೂ ನೆನಪಿಡಿ. ಮೊದಲ ತಂಡ ಸೇರಿದ್ದು 2022ರ ಕೊನೆಗೆ. ನಾಲ್ಕು ವರ್ಷದ ಲೆಕ್ಕ ನೀವೇ ಹಾಕಿ. ಇಪ್ಪತ್ತೈದರ ಆಸುಪಾಸಿನ ಹುಡುಗರು ಕೆಲಸ ಕೇಳಿಕೊಂಡು ಎಲ್ಲಿಗೆ ಬರುತ್ತಾರೆ? ನಮ್ಮ ಗೇಟುಗಳಿಗೇ.

ಆ ಗೇಟುಗಳ ಒಳಗೂ ಏನು ಉಳಿದಿದೆ ನೋಡಿ. ಅದೇ ಜಾಲಹಳ್ಳಿಯಲ್ಲಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಎಚ್‌ಎಂಟಿ ಕೈಗಡಿಯಾರ ಶುರುವಾಯಿತು. ದೇಶಕ್ಕೆಲ್ಲ ಹೊತ್ತು ತೋರಿಸಿದ ಆ ಗಡಿಯಾರದ ಕಂಪನಿಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. ಶಿಬಿರ ಮುಚ್ಚಿದಾಗ ಸಿಪಾಯಿಗೆ ಕೊಟ್ಟಂತೆ ಇಲ್ಲಿ ಕೆಲಸಗಾರನಿಗೂ ಒಂದು ಗಂಟು ಕೊಟ್ಟು ಕಳಿಸಿದರು. ಆದ್ದರಿಂದ ಸಂಘದವರು ಬೇಡಿಕೆಯ ಪಟ್ಟಿ ಬರೆಯುವಾಗ ಗೇಟಿನವನ ಸಂಬಳ, ಅವನ ಪಾಳಿಯ ಅವಧಿ, ಅವನ ಪಿ.ಎಫ್. ಕೂಡ ಅದರಲ್ಲಿ ಇರಲಿ. ಅವನು ಗುತ್ತಿಗೆದಾರನ ಆಳು, ನಮಗೆ ಸಂಬಂಧವಿಲ್ಲ ಎನ್ನುವ ಮಾತು ಮಾಲೀಕರು ಆಡಬಹುದು, ನಾವು ಆಡಕೂಡದು.

ಇನ್ನೊಂದು ಮಾತು. ಪಿಂಚಣಿಯಿಲ್ಲದ ಎರಡನೆಯ ಮಹಾಯುದ್ಧದ ಸೈನಿಕರಿಗೂ ಅವರ ವಿಧವೆಯರಿಗೂ ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಮೂಲಕ ಮಾಸಿಕ ನೆರವು ಉಂಟು. ನಿಮ್ಮ ಹಳ್ಳಿಗಳಲ್ಲಿ ಅಂಥ ಅಜ್ಜಿಯರು ಯಾರಾದರೂ ಉಳಿದಿದ್ದರೆ, ಅಟ್ಟದ ಮೇಲಿನ ಟ್ರಂಕಿನಲ್ಲಿ ಆ ಡಿಸ್ಚಾರ್ಜ್ ಪುಸ್ತಕ ಇದೆಯೇ ಎಂದು ಈ ಭಾನುವಾರವೇ ಹುಡುಕಿಸಿ. ಜಿಲ್ಲಾ ಕಛೇರಿಗೆ ಅವರನ್ನು ಒಬ್ಬರನ್ನೇ ಕಳಿಸಬೇಡಿ, ಜೊತೆಯಲ್ಲಿ ಹೋಗಿ.