ಹಟದ ಮಗು, ತಾಳ್ಮೆಯ ಮನೆ

ಕೊಟ್ಟೂರಿನ ಗುರುಬಸವೇಶ್ವರನ ತೇರಿನ ಸಂದಣಿಯಲ್ಲಿ, ಆಟಿಕೆಯಂಗಡಿಯ ಮುಂದೆ ಪೀಪಿಗಾಗಿ ಮಣ್ಣಿನಲ್ಲಿ ಹೊರಳಾಡುವ ಮಗುವನ್ನು, ನೋಡುವವರ ಕಣ್ಣಿಗೆ ಅಂಜಿ, ರಟ್ಟೆ ಹಿಡಿದೆಬ್ಬಿಸಿ ಬಡಿಯುವ ತಾಯಿಯು ನಿಜವಾಗಿ ತನ್ನ ನಾಚಿಕೆಯನ್ನೇ ದಂಡಿಸುತ್ತಿರುತ್ತಾಳೆ. ಇಂದಿನ ಟಿವಿ ಧಾರಾವಾಹಿಗಳಲ್ಲಿಯಾದರೋ ಮಗು ಹಟ ಹಿಡಿದರೆ ಹೆತ್ತವರು ಕಪಾಳಕ್ಕೆ ಹೊಡೆಯುವರು, ಇಲ್ಲವೇ ಕಣ್ಣೀರಿನಲ್ಲಿ ಕರಗುವರು. ನಡುವಣ ದೀರ್ಘ ಸಹನೆಗೆ ಅಲ್ಲಿ ಎಡೆಯೇ ದುರ್ಲಭ. ಶಂಕರನಾಗರ ಹಳೆಯ ಧಾರಾವಾಹಿ ‘ಮಾಲ್ಗುಡಿ ಡೇಸ್’ನಲ್ಲಿ ಗಿರೀಶ ಕಾರ್ನಾಡರು ಅಭಿನಯಿಸಿದ, ಬಾಲಕ ಸ್ವಾಮಿಯ ತಂದೆ ಕಠಿಣನೇ ಸರಿ, ಆದರೂ ಅದಕ್ಕೆ ಮೂಲವಾದ ಆರ್. ಕೆ. ನಾರಾಯಣರ ಕಥೆಯಲ್ಲಿ, ಮಗನ ಕಿವಿ ಹಿಂಡಿದ ಉಪಾಧ್ಯಾಯರ ವಿಷಯವಾಗಿ ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದವನೂ ಆತನೇ. ಶಾಲೆಯಲ್ಲಿ ಮಕ್ಕಳನ್ನು ಹೊಡೆಯುವುದನ್ನು 2009ರ ಶಿಕ್ಷಣ ಹಕ್ಕು ಕಾಯಿದೆ ನಿಷೇಧಿಸಿದೆ. ಮನೆಯಲ್ಲಿಯೂ ಕೈ ತಡೆಯಿರಿ. ಹಟ ತಣಿದ ಮೇಲೆ ಮಗುವನ್ನು ಬಳಿಯಲ್ಲಿ ಕೂರಿಸಿಕೊಂಡು, ತಪ್ಪೇನೆಂಬುದನ್ನು ಮೆಲ್ಲನೆ ತಿಳಿಯಹೇಳಿರಿ.